ಷಡಕ್ಷರಿ ಮೇಷ್ಟ್ರು ತೆಗೆದ ಪ್ರಶ್ನೆಪತ್ರಿಕೆ

ಕಡೂರಿನ ಖಾಸಗಿ ಕಾಲೇಜಿನಲ್ಲಿ ಷಡಕ್ಷರಿ ಮೇಷ್ಟ್ರ ಅರ್ಥಶಾಸ್ತ್ರವೆಂದರೆ ನೋಟ್ಸು. ಅಜ್ಜಂಪುರದ ಮಂಡಿ ವರ್ತಕರ ಮಗ, ಮಠದ ಹಾಸ್ಟೆಲಿನಲ್ಲಿದ್ದು ಉರು ಹೊಡೆದೇ ಎಂ.ಎ. ಮುಗಿಸಿದವರು. ಗಂಟೆ ಹೊಡೆದೊಡನೆ ಕುರ್ಚಿಯಲ್ಲಿ ಕೂತು ಬರೆಸಲು ಹಿಡಿದರೆ ಮತ್ತೆ ಗಂಟೆ ಹೊಡೆಯುವ ತನಕ ತಲೆ ಎತ್ತುತ್ತಿರಲಿಲ್ಲ. ನೀರಾವರಿಗೆ ಐದು ಅನುಕೂಲ, ಐದು ಅನಾನುಕೂಲ. ಅಷ್ಟು ಬಾಯಿಪಾಠ ಮಾಡಿದವರು ಫೇಲಾದದ್ದಿಲ್ಲ. ತರೀಕೆರೆ ಕಡೆಯ ಹುಡುಗರೂ ಆ ನೋಟ್ಸಿಗಾಗಿಯೇ ರೈಲು ಹತ್ತಿ ಬರುತ್ತಿದ್ದರು.

ಆದರೆ ಈ ಪಾಠ ನೆಟ್ಟಗಿಲ್ಲ ಎಂಬ ಕೊರಗು ಅವರಿಗೇ ಇತ್ತು. ಎಂಬತ್ತೊಂದನೇ ಇಸವಿಯಲ್ಲಿ, ಬಿ.ಎ. ಪಠ್ಯವನ್ನು ಪರಿಶೀಲಿಸಿ ಸುಧಾರಿಸಲು ವಿಶ್ವವಿದ್ಯಾಲಯ ಕರೆದ ಸಭೆಯಲ್ಲಿ ಎದ್ದು ನಿಂತು, "ವರ್ಷಾ ವರ್ಷಾ ಅವೇ ಪ್ರಶ್ನೆ ತಿರುವಿ ಹಾಕ್ತೀವಿ. ಹುಡುಗರು ಯೋಚನೆ ಮಾಡೋ ಹಂಗೆ ಒಂದಾದ್ರೂ ಕೇಳಿದೀವಾ?" ಎಂದುಬಿಟ್ಟರು. ಆಡಿದ ಬಾಯಿಗೆ ತಕ್ಕ ಕೆಲಸ ಬಂತು. ಮುಂದಿನ ವರ್ಷ ಪತ್ರಿಕೆ ತೆಗೆಯುವ ಹೊಣೆ ಗುಟ್ಟಾಗಿ ಅವರ ಹೆಗಲಿಗೇ ಬಿತ್ತು. ಹೆಂಡತಿಗೂ ಹೇಳುವಂತಿರಲಿಲ್ಲ. ಊರಿನ ಕೆರೆಯಲ್ಲಿ ಹೂಳು ತುಂಬಿದರೆ ಮೊದಲ ನಷ್ಟ ಯಾರಿಗೆ, ಏಕೆ ಎಂದು ಪತ್ರಿಕೆಯಲ್ಲಿ ಕೇಳಿದರು. ಉಳಿದವೂ ಅಂಥವೇ.

ಪರೀಕ್ಷೆ ಮುಗಿದ ದಿನ ಹುಡುಗರು ಮೇಷ್ಟ್ರನ್ನು ಮುತ್ತಿದರು. "ಯಾವ ಮನೆಹಾಳ ತೆಗ್ದ ಸಾರ್ ಈ ಪೇಪರ್ನ? ನಿಮ್ ನೋಟ್ಸಿಂದು ಒಂದೂ ಬಂದಿಲ್ವಲ್ಲ!" ಮೇಷ್ಟ್ರು "ಹೌದಪ್ಪ" ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ತರಗತಿಯ ಮುಕ್ಕಾಲು ಪಾಲು ಅದೊಂದೇ ಪತ್ರಿಕೆಯಲ್ಲಿ ಡುಮ್ಕಿ. ಬುಕ್ಕಾಂಬುಧಿಯ ಉಚ್ಚಂಗಮ್ಮನೂ. ಅವಳು ತನ್ನ ಕೇರಿಯಿಂದ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು. ಡಿಗ್ರಿ ಆಗಿದ್ದರೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೆಲಸ ಸಿಗುವುದಿತ್ತು. ಅದು ಬೇರೆಯವರ ಪಾಲಾಯಿತು.

ಮೇಷ್ಟ್ರಿಗೆ ಅನ್ನ ಸೇರಲಿಲ್ಲ. ಪ್ರಶ್ನೆ ಬದಲಾಯಿಸಿದ್ದರು, ಪಾಠ ಬದಲಾಯಿಸಿರಲಿಲ್ಲ. ಬದಲಾಯಿಸಿದರೆ ಗುಟ್ಟು ಬಿಟ್ಟುಕೊಟ್ಟಂತಾದೀತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಅದು ಬರೀ ಸೋಮಾರಿತನ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಒಂದು ಭಾನುವಾರ ಉಚ್ಚಂಗಮ್ಮ ಅಪ್ಪ ಹನುಮಂತಯ್ಯನ ಜೊತೆ ಅವರ ಮನೆಗೆ ಬಂದಳು. ಮೇಷ್ಟ್ರು ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು.

"ಅಕ್ಟೋಬರ್‌ಗೆ ಮತ್ತೆ ಕಟ್ಟಿಸ್ತೀನಿ ಸ್ವಾಮಿ. ಹೊಸ ನೋಟ್ಸು ಏನಾರ ಇದ್ರೆ ಕೊಡಿ," ಎಂದ ಹನುಮಂತಯ್ಯ.

"ನೋಟ್ಸು ಬ್ಯಾಡ ಕಣಪ್ಪ," ಎಂದು ಮಗಳು ಮೇಷ್ಟ್ರ ಕಡೆ ತಿರುಗಿದಳು. "ಕೆರೆ ಏರಿ ಕೆಳಗೇ ಹುಟ್ಟಿದೋಳು ನಾನು ಸಾರ್. ಹೂಳು ತುಂಬಿದ್ರೆ ಯಾರ ಹೊಟ್ಟೆ ಮೊದ್ಲು ಉರೀತೈತೆ ಅಂತ ನಂಗೊತ್ತು. ಆದ್ರೂ ಐದು ಅನುಕೂಲಾನೇ ಬರ್ದು ಬಂದೆ. ಮೂರು ವರ್ಷದಾಗೆ ನೀವು ಒಂದಿನಾನೂ ನಮ್ಮನ್ನ ಏನೂ ಕೇಳ್ಲಿಲ್ವಲ್ಲ ಸಾರ್."

ಮೇಷ್ಟ್ರ ಕಣ್ಣು ತುಂಬಿತು. ಪತ್ರಿಕೆ ತೆಗೆದವರು ತಾವೇ ಎಂದು ಮಾತ್ರ ಹೇಳಲಿಲ್ಲ.

"ಈಗ ಕೇಳ್ತೀನಿ ಕಣಮ್ಮ," ಎಂದರು. "ಯಾರಿಗೆ ಮೊದಲ ನಷ್ಟ? ಯಾಕೆ?"

ಉಚ್ಚಂಗಮ್ಮ ತಲೆ ತಗ್ಗಿಸಿದಳು. ಗೊತ್ತಿದ್ದುದನ್ನು ಮೇಷ್ಟ್ರ ಎದುರು ಬಾಯಿಬಿಟ್ಟು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಬರೆಸಿ ಬರೆಸಿ ಆದ ಅಭ್ಯಾಸ, ಉತ್ತರ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಅವಳಿಗಾಗಿ ಕಾದರು.