ಎಲ್ಲರ ಕಣ್ಣೆದುರು ಇಳಿಸಿದ ಸಿಗ್ನಲ್

ಹೋದ ವಾರ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಒಣ ಸಿಗಡಿ ಹುರಿದ ವಾಸನೆ ಬಂತು. ಯಾರೋ ಹೊಸ ಬಾಡಿಗೆಯವರು, ಎಲ್ಲಿಯವರೋ ಗೊತ್ತಿಲ್ಲ. ನಾನು ಮೈಸೂರಿನವಳು, ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟದವಳು. ಮೂಗು ಮುಚ್ಚಿಕೊಂಡು ಓಡಬೇಕಿತ್ತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ, ಸ್ವೀಡನ್ನಿನ ನಾರ್‌ಶೋಪಿಂಗ್‌ನ ಇದೇ ಮೆಟ್ಟಿಲಿನಲ್ಲಿ, ಇದೇ ವಾಸನೆ ಮೇಲಿನ ಮನೆಯ ಅಕ್ಕನ ಅಡುಗೆಮನೆಯಿಂದ ಇಳಿದು ಬರುತ್ತಿತ್ತು...

ಅಕ್ಕ ಕಾರವಾರದವರು. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದರು. ನಾನೂ ಅವರೂ ಒಂದೇ ಆಫೀಸು. ಸರಕು ಹಡಗುಗಳಿಗೆ ದಿನಾ ಸಮುದ್ರದ ಹವಾಮಾನ ಬರೆದು ಕಳಿಸುವ ಸಣ್ಣ ಖಾಸಗಿ ಕಂಪನಿ. ಅಟ್ಲಾಂಟಿಕ್ಕಿಗೆ ಒಂದು ಪುಟ, ಪೆಸಿಫಿಕ್ಕಿಗೆ ಒಂದು, ಹಿಂದೂ ಮಹಾಸಾಗರ ನಮ್ಮಿಬ್ಬರ ಪಾಲು. ಕಿಟಕಿಯಾಚೆ ಮೊಣಕಾಲುದ್ದ ಹಿಮ, ಒಳಗೆ ನಾವು ಉಲ್ಲನ್ ಕಾಲುಚೀಲ ಹಾಕಿಕೊಂಡು ಮಡಗಾಸ್ಕರ್ ಹತ್ತಿರ ಗಾಳಿ ಸುತ್ತುತ್ತಿದೆಯಾ ಅಂತ ನೋಡುತ್ತಾ ಕೂತಿರುತ್ತಿದ್ದೆವು. ಮೈಸೂರಿನವಳಿಗೆ ಸಮುದ್ರದ ಕೆಲಸ ಕೊಟ್ಟ ಪುಣ್ಯಾತ್ಮ ಯಾರು ಮಾರಾಯ್ತಿ ಅಂತ ಅಕ್ಕ ನನ್ನನ್ನು ಗೋಳು ಹೊಯ್ದುಕೊಳ್ಳದ ದಿನವಿಲ್ಲ.

ಅವರ ಸಿಗಡಿ ಚಟ್ನಿಯ ವಾಸನೆಗೆ ಒಮ್ಮೆ ಯಾರೋ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದರು. ಇಲ್ಲಿಯವರ ಸಿಟ್ಟೆಲ್ಲ ಚೀಟಿಯಲ್ಲೇ. ಎದುರು ಸಿಕ್ಕರೆ ನಗುತ್ತಾರೆ. ದಯವಿಟ್ಟು ವಾಸನೆಯ ಅಡುಗೆ ಮಾಡಬೇಡಿ ಅಂತಿತ್ತು, ಕೆಳಗೆ ಹೆಸರಿಲ್ಲ. ಅಕ್ಕ ಪೆನ್ನು ತೆಗೆದು ಅದರ ಕೆಳಗೇ ಬರೆದರು: ಭಾನುವಾರ ಮತ್ತೆ ಹುರಿಯುತ್ತೇನೆ, ಬೇಕಾದವರು ತಟ್ಟೆ ತನ್ನಿ. ತಮ್ಮ ಹೆಸರು, ಮನೆ ನಂಬರು ಎರಡೂ ಹಾಕಿದರು. ಭಾನುವಾರ ಕೆಳಗಿನ ಮನೆಯ ಮುದುಕರೊಬ್ಬರು ನಿಜವಾಗಿಯೂ ತಟ್ಟೆ ಹಿಡಿದು ಬಂದರು.

ಹೆಸರು ಹಾಕುವ ಈ ಹಟ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಕಾರವಾರ ಬಂದರಿನಲ್ಲಿ ಗಾಳಿಯ ಸಿಗ್ನಲ್ ಏರಿಸುವ ಕೆಲಸದಲ್ಲಿದ್ದರಂತೆ. ಬಿರುಗಾಳಿ ಬರುವ ಸುದ್ದಿ ಬಂದರೆ ಎತ್ತರದ ಕಂಬಕ್ಕೆ ಕಪ್ಪು ಗುರುತು ಏರಿಸಬೇಕು, ರಾತ್ರಿಯಾದರೆ ದೀಪ. ಮೀನಿಗೆ ಹೊರಟವರು ಕಂಬ ನೋಡಿಯೇ ದೋಣಿ ನೀರಿಗಿಳಿಸುತ್ತಿದ್ದರು. ಒಮ್ಮೊಮ್ಮೆ ತಪ್ಪು ಸಿಗ್ನಲ್ ಏರುವುದೂ ಇತ್ತು. ಆಗ ಕತ್ತಲಾಗಲಿ ಅಂತ ಕಾಯದೆ, ಹಗಲಲ್ಲೇ, ಗಂಟೆ ಬಾರಿಸಿ ಎಲ್ಲರೂ ತಿರುಗಿ ನೋಡಿದ ಮೇಲೆ ಇಳಿಸುತ್ತಿದ್ದರಂತೆ. ಸುಮ್ಮನೆ ಇಳಿಸಿದರೆ ಮೊದಲೇ ನೋಡಿ ಹೋದವನಿಗೆ ಹೇಗೆ ಗೊತ್ತಾಗಬೇಕು, ಅಂತ ಅಕ್ಕ ಕೇಳುತ್ತಿದ್ದರು.

ಈಗ ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು. ಸ್ವೀಡನ್ನಿನಲ್ಲಿ ಗಾಳಿಯ ವೇಗ ಅಳೆಯುವುದು ಸೆಕೆಂಡಿಗೆ ಇಷ್ಟು ಮೀಟರ್ ಅಂತ. ಹಡಗಿನವರು ಓದುವುದು ನಾಟ್ ಲೆಕ್ಕದಲ್ಲಿ. ಒಂದೇ ಗಾಳಿಗೆ ನಾಟ್‌ನ ಅಂಕಿ ಹತ್ತಿರ ಹತ್ತಿರ ಎರಡರಷ್ಟು ಬರುತ್ತದೆ. ನಾವು ಇಲ್ಲಿಯ ಲೆಕ್ಕದಲ್ಲಿ ಬರೆಯುತ್ತಿದ್ದೆವು, ಕಳಿಸುವ ಮೊದಲು ಕಂಪ್ಯೂಟರೇ ನಾಟ್‌ಗೆ ತಿರುಗಿಸುತ್ತಿತ್ತು. ಒಂದು ವರ್ಷ ಮೇ ತಿಂಗಳಲ್ಲಿ ಪುಟಕ್ಕೆ ಹೊಸ ವಿನ್ಯಾಸ ಬಂತು, ನೋಡಲು ಚೆಂದವಿತ್ತು.

ಅದೇ ತಿಂಗಳ ಒಂದು ಗುರುವಾರ ಹಬ್ಬದ ರಜೆ. ಶುಕ್ರವಾರ ನಡುವೆ ಸಿಕ್ಕಿಬಿದ್ದ ದಿನ. ಇಲ್ಲಿಯವರು ಅದನ್ನೂ ರಜೆಗೆ ಸೇರಿಸಿಕೊಂಡು ಬೇಸಿಗೆ ಮನೆಗೆ ಹೊರಟುಬಿಡುತ್ತಾರೆ. ಬೇಸಿಗೆ ಮನೆ ಇಲ್ಲದ ನಾವಿಬ್ಬರೇ ಆಫೀಸಿನಲ್ಲಿ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಕಟ್ಟುತ್ತಿತ್ತು. ಬೆಳಿಗ್ಗೆ ಹೋದ ಪುಟವನ್ನು ಅಕ್ಕ ಸುಮ್ಮನೆ ತೆರೆದು ನೋಡಿದವರು ಕುರ್ಚಿಯಿಂದ ಎದ್ದುಬಿಟ್ಟರು. ಮೇಲೆ ನಾಟ್ ಅಂತ ಬರೆದಿದೆ, ಕೆಳಗಿನ ಅಂಕಿ ಇಪ್ಪತ್ತಾರು. ಅದು ಮೀಟರ್ ಲೆಕ್ಕದ ಇಪ್ಪತ್ತಾರು, ಹೊಸ ವಿನ್ಯಾಸ ಅದನ್ನು ನಾಟ್‌ಗೆ ತಿರುಗಿಸಿಯೇ ಇರಲಿಲ್ಲ. ಐವತ್ತು ಅಂತ ಹೋಗಬೇಕಿತ್ತು. ಇಪ್ಪತ್ತಾರು ನಾಟ್ ಗಾಳಿಗೆ ಯಾವ ಕ್ಯಾಪ್ಟನ್ನೂ ದಾರಿ ಬದಲಿಸುವುದಿಲ್ಲ. ಐವತ್ತಕ್ಕೆ ಬದಲಿಸಲೇಬೇಕು. ನಮ್ಮ ಪುಟ ನಂಬಿದ ಒಂದು ಹಡಗು ಆಗಲೇ ಆ ಕಡೆ ಮುಖ ಮಾಡಿತ್ತು.

ದಿನದ ಪುಟ ಬಿಟ್ಟು ಬೇರೇನು ಕಳಿಸಬೇಕಾದರೂ ಬಾಸ್ ಒಪ್ಪಿಗೆ ಬೇಕು. ಅಕ್ಕ ಫೋನ್ ಮಾಡಿದರು. ಬಾಸ್ ಕೆಟ್ಟವನಲ್ಲ, ಅಕ್ಕನ ಮಗಳಿಗೆ ತನ್ನ ಮಗಳ ಸೈಕಲ್ ಕೊಟ್ಟವನು. ಆದರೆ ಮೆತ್ತಗೆ ಹೇಳಿದ: ಸರಿಯಾದ ಅಂಕಿಯನ್ನು ಸಂಜೆಯ ಪುಟದಲ್ಲಿ ಹಾಕಿ, ತಪ್ಪಾಗಿತ್ತು ಅಂತ ಯಾರಿಗೂ ಹೇಳುವುದು ಬೇಡ, ಸೋಮವಾರ ಎಲ್ಲ ಕೂತು ಮಾತಾಡೋಣ.

"ಸೋಮವಾರ ಗಾಳಿಗೂ ಮೀಟಿಂಗ್ ಉಂಟಾ?" ಎಂದು ಕನ್ನಡದಲ್ಲಿ ನನ್ನನ್ನು ಕೇಳಿ, ಅಕ್ಕ ಫೋನ್ ಇಟ್ಟರು.

ಇಲ್ಲಿ ಇರಲು ಅಕ್ಕನಿಗಿದ್ದ ಪರ್ಮಿಟ್ ಆ ಕಂಪನಿಯ ಕೆಲಸಕ್ಕೇ ಅಂಟಿಕೊಂಡಿತ್ತು. ಕೆಲಸ ಹೋದರೆ ದೇಶ ಬಿಡಬೇಕು, ಮಗಳು ಶಾಲೆ ಬಿಡಬೇಕು. ಆ ಮಗು ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುವಷ್ಟು ಇಲ್ಲಿಯದಾಗಿಬಿಟ್ಟಿತ್ತು. ಯೋಚನೆ ಮಾಡಿ ಅಕ್ಕ, ಅಂದೆ. "ಮಾಡಿಯಾಯ್ತು," ಅಂದರು. ಎಲ್ಲ ಹಡಗುಗಳಿಗೂ ಬರೆದರು: ಬೆಳಗಿನ ನಮ್ಮ ಪುಟ ತಪ್ಪು. ಗಾಳಿ ಇಪ್ಪತ್ತಾರಲ್ಲ, ಐವತ್ತು. ತಪ್ಪು ನಮ್ಮದು. ಕೆಳಗೆ ತಮ್ಮ ಪೂರ್ತಿ ಹೆಸರು. ಆಮೇಲೆ ಆ ಒಂದು ಹಡಗಿಗೆ ಸ್ಯಾಟಲೈಟ್ ಫೋನ್ ಹಚ್ಚಿ ಹಚ್ಚಿ ಕೊನೆಗೂ ಕ್ಯಾಪ್ಟನ್ನನ್ನು ಹಿಡಿದರು. ಆ ಕಡೆ ಗೊರಗೊರ ಸದ್ದು, ಅದರ ನಡುವೆ ಒಂದು ಶಾಂತ ದನಿ: ದಕ್ಷಿಣಕ್ಕೆ ತಿರುಗಿಸುತ್ತೇವೆ ಮೇಡಂ, ಹೇಳಿದ್ದು ಒಳ್ಳೆಯದಾಯಿತು. ಅಕ್ಕ ಡಬ್ಬಿ ತೆಗೆದು ಒಣ ರೊಟ್ಟಿಯ ಮೇಲೆ ಸಿಗಡಿ ಚಟ್ನಿ ಹಚ್ಚಿಕೊಂಡು ತಿಂದರು. ಕಿಟಕಿ ಸಹ ತೆಗೆಯಲಿಲ್ಲ.

ಸೋಮವಾರ ದಾಲ್ಚಿನ್ನಿ ಬನ್ನು, ಕಾಫಿ ಇಟ್ಟುಕೊಂಡು ಮೀಟಿಂಗ್ ಆಯಿತು. ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾದರೂ ಆಡಬಹುದಿತ್ತು. ವರದಿಯಲ್ಲಿ 'ತಾಂತ್ರಿಕ ಅಡಚಣೆ' ಎಂದು ಬರೆದು ಸಹಿ ಹಾಕಿದರೆ ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ಬಾಸ್ ಅಕ್ಕನಿಗೆ ಹೇಳಿದ. ಅಕ್ಕ ಕಾಫಿ ಕುಡಿದು ಮುಗಿಸಿ, ಅಡಚಣೆ ಅಲ್ಲ, ತಪ್ಪು, ಹಾಗಂತ ಬರೆದರೆ ಈಗಲೇ ಸಹಿ ಹಾಕುತ್ತೇನೆ ಎಂದರು. ಮೇಜಿನ ಸುತ್ತ ಎಲ್ಲರೂ ಬನ್ನು ನೋಡುತ್ತಾ ಕೂತರು. ನಾನೊಬ್ಬಳು ಅಕ್ಕ ಹೇಳುವುದೇ ಸರಿ ಅಂದೆ. ನನ್ನ ಹರಕು ಸ್ವೀಡಿಷ್‌ನಲ್ಲಿ ಅದು ಎಷ್ಟು ಕೇಳಿಸಿತೋ ಏನೋ.

ಶರತ್ಕಾಲಕ್ಕೆ ಅವರ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಕಂಪನಿಯವರು ಕಾರಣ ಬೇರೆ ಏನೋ ಹೇಳಿದರು. ಸ್ಟೇಷನ್ನಿನಲ್ಲಿ ಮಗಳು ನನ್ನ ಕೋಟು ಹಿಡಿದುಕೊಂಡು ಅತ್ತಳು. ಅಕ್ಕ ಅಳಲಿಲ್ಲ, ಆದರೆ ನನ್ನ ಮುಖ ನೋಡಲಿಲ್ಲ. ಕಾರವಾರಕ್ಕೆ ಹೋದ ಮೇಲೆ ಫೋನ್ ಮಾಡಿದಾಗ ಒಮ್ಮೆ ಕೇಳಿಯೇ ಬಿಟ್ಟೆ, ಪಶ್ಚಾತ್ತಾಪ ಇದೆಯಾ ಅಂತ. "ಮಗಳಿಗೋಸ್ಕರ ಬೇಜಾರುಂಟು. ಆದರೆ ಆ ಹಡಗಿನಲ್ಲೂ ಯಾರದೋ ಅಪ್ಪಂದಿರು ಇದ್ರಲ್ಲ," ಅಂದರು. ನನಗೆ ಮಾತ್ರ ಆ ಕಂಪನಿಯ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸುವ ಮನಸ್ಸೂ ಇಲ್ಲ.

ಹೋದ ತಿಂಗಳು ಆ ಮಗಳದೇ ಫೋನ್ ಬಂತು. ಈಗ ಅವಳ ಕನ್ನಡ ಅಚ್ಚ ಕಾರವಾರದ್ದು, ಅಮ್ಮನಿಗೆ ಆಯಿ ಅನ್ನುತ್ತಾಳೆ. "ಆಯಿ ಹೋದ್ಲು ಆಂಟಿ," ಅಂದಳು.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ, ಕಂಪನಿ ಬೇರೆ. ಆ ಫೋನ್ ಬಂದ ಮರುದಿನ ನನ್ನದೇ ಪೆಸಿಫಿಕ್ ಪುಟದಲ್ಲಿ ಅಲೆಯ ಎತ್ತರ ತಪ್ಪಾಗಿ ಹೋಗಿತ್ತು. ಎಲ್ಲ ಹಡಗುಗಳಿಗೂ ಕಳಿಸಲು ಬರೆದೆ: ಬೆಳಗಿನ ಪುಟ ತಪ್ಪು, ತಪ್ಪು ನನ್ನದು, ಕೆಳಗೆ ನನ್ನ ಹೆಸರು. ಹೊಸ ಬಾಸ್, ವಯಸ್ಸಿನಲ್ಲಿ ನನ್ನ ಮಗನಂಥವನು, ನಗುತ್ತಾ ಬಂದು ಇದನ್ನು 'ಅಪ್‌ಡೇಟ್' ಅಂತ ಕರೆಯಬಹುದಲ್ಲವೇ ಎಂದ. ಆಗಲ್ಲ ಎಂದೆ. ಯಾಕೆ ಎಂದ.

ಕಾರವಾರದ ಕಂಬ, ಗಂಟೆ, ಮೇಲಿನ ಮನೆ... ಎಲ್ಲಿಂದ ಶುರು ಮಾಡಲಿ ಇವನಿಗೆ. ನಾನು ಹೇಳುವಾಗ ಪಕ್ಕದಲ್ಲಿ ಕೂತು ಹೌದೆಂದು ತಲೆಯಾಡಿಸಲು ಅಕ್ಕನೂ ಇನ್ನಿಲ್ಲ. ಕಳಿಸು ಅನ್ನುವ ಗುಂಡಿ ಒತ್ತಿ, ಆಮೇಲೆ ಅವನ ಕಡೆ ತಿರುಗಿದೆ.