ತೊಳೆಯದೆ ಉಳಿದ ಕುಂಡ

ಸಸ್ಯತೋಟದಲ್ಲಿ ಕುಂಡ ತೊಳೆಯುವ ಕೆಲಸಕ್ಕೆ ಸೇರಿದ ಮೊದಲ ದಿನವೇ ಬೇರಪ್ಪನ ಸುದ್ದಿ ಆಕೆಯ ಕಿವಿಗೆ ಬಿತ್ತು. "ಆ ಮೂಲೆ ಕುಂಡಗಳ ತಂಟೆಗೆ ಹೋಗ್ಬೇಡಕ್ಕ," ಎಂದ ಮೇಸ್ತ್ರಿ. "ಮುದುಕ ತನ್ನನ್ನ ಬೈದ್ರೆ ಸುಮ್ನಿರ್ತಾನೆ, ಗಿಡ ಮುಟ್ಟಿದ್ರೆ ಜೀವ ತಿಂತಾನೆ."

ಬೇರು ನೋಡುತ್ತಲೇ ತಲೆ ನರೆತವನು, ಹಾಗಾಗಿ ಎಲ್ಲರ ಬಾಯಲ್ಲೂ ಬೇರಪ್ಪ. ಮೂಲೆ ಕುಂಡಗಳಲ್ಲಿದ್ದ ಬೋಳುಗುಡ್ಡದ ಕುರುಚಲು ಗಿಡಗಳನ್ನು ಗಂಡ ಹೆಂಡತಿ ಇಬ್ಬರೂ ಬೆನ್ನ ಮೇಲೆ ಹೊತ್ತು ತಂದಿದ್ದರು. ಈಗ ಹೆಂಡತಿಯಿಲ್ಲ. ಗುಡ್ಡವನ್ನೂ ರಸ್ತೆಗೆಂದು ಅಗೆದು ಮಟ್ಟಸ ಮಾಡಿದ್ದರು. ಉಳಿದದ್ದು ನಲವತ್ತೊಂದು ಕುಂಡ.

ಒಂದು ತಿಂಗಳು ಅವನು ಜ್ವರವೆಂದು ಬರಲಿಲ್ಲ. ಬಂದಾಗ ಖುಷಿಪಡಲಿ ಎಂದು ಆಕೆ ಗಿಡಗಳನ್ನು ಒಂದೊಂದಾಗಿ ಕಿತ್ತಳು. ಕೂದಲೆಳೆಯಂಥ ಬೇರುಗಳಿಗಂಟಿದ ಕಪ್ಪು ಮಣ್ಣು, ಬೂಷ್ಟು ಎಲ್ಲ ಹೋಗುವ ಹಾಗೆ ತೊಳೆದು, ಒಳ್ಳೆಯ ಗೊಬ್ಬರದ ಮಣ್ಣಿನಲ್ಲಿ ನೆಟ್ಟಳು. ಕೊನೆಯ ಗಿಡಕ್ಕೆ ಕೈ ಹಾಕುವಷ್ಟರಲ್ಲಿ ನಲ್ಲಿ ನಿಂತಿತು.

ಅವನು ಮರಳುವಷ್ಟರಲ್ಲಿ ನಲವತ್ತೂ ಹಳದಿಯಾಗಿ ಒಣಗಿದವು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಆಕೆಗೆ ಎಷ್ಟೋ ಹಗುರಾಗುತ್ತಿತ್ತು. ನಲ್ಲಿಕಟ್ಟೆಯ ಮೇಲೆ ಕೂತು ಒಂದು ಬೇರನ್ನು ಬೆಳಕಿಗೆ ಹಿಡಿದ.

"ಕನ್ನಡಿ ಹಂಗೆ ತೊಳ್ದಿದ್ಯಲ್ಲ ತಂಗಿ!"

"ತಪ್ಪಾಯ್ತಣ್ಣ. ಬೂಷ್ಟು ಹಿಡ್ದಿದೆ ಅನ್ಕೊಂಡೆ."

"ಆ ಬೂಷ್ಟೇ ಇವಕ್ಕೆ ಅಮ್ಮ ಕಣಮ್ಮ. ಗುಡ್ಡದ್ದು ಬಡ ಮಣ್ಣು. ಸಾರಜನಕ ಇರುತ್ತೆ, ಆದ್ರೆ ಕೊಳೆತ ಎಲೆಯೊಳಗೆ ಬೀಗ ಹಾಕ್ಕೊಂಡು ಕೂತಿರುತ್ತೆ. ಬೇರೊಳಗಿನ ಬೂಷ್ಟು ಎಳೆ ಚಾಚಿ, ಆ ಎಲೆ ಅರಗಿಸಿ, ಗಿಡಕ್ಕೆ ತಂದು ಉಣಿಸುತ್ತೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ನೀನು ತೊಳ್ದಾಗ ಎಳೆನೂ ಹೋಯ್ತು, ಎಳೇ ಬೇರೂ ಹೋಯ್ತು. ಮೇಲಿಂದ ಗೊಬ್ಬರದ ಉರಿ ಬೇರೆ." ಬೇರನ್ನು ಕಟ್ಟೆಯ ಮೇಲಿಟ್ಟು, "ನಮಗೆ ಮಕ್ಕಳಿರ್ಲಿಲ್ಲ, ನೋಡು," ಎಂದ.

ಅಂದಿನಿಂದ ಆ ನಲವತ್ತೊಂದನೆಯ ಕುಂಡಕ್ಕೆ ಆಕೆಯದೇ ಕಾವಲು. ಆ ಗಿಡದ ಕಡ್ಡಿ ಕತ್ತರಿಸಿ ಬೇರೆ ಕುಂಡದಲ್ಲಿ ನೆಟ್ಟಾಗಲೆಲ್ಲ ಇಬ್ಬರೂ ಅದರ ಬುಡದ ಬೂಷ್ಟು ಮಣ್ಣನ್ನೇ ಒಂದೊಂದು ಚಮಚ ಹಾಕಿದರು. ಮೂರು ವರ್ಷಕ್ಕೆ ಚಿಗುರಿದ್ದು ಎರಡೇ.

ಅವನು ಆಸ್ಪತ್ರೆ ಸೇರಿದಾಗ ಆಕೆ ಕುಂಡವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಹೋದಳು. ಅವನು ಬೆರಳನ್ನು ಮಣ್ಣಿನೊಳಗಿಳಿಸಿ, ಕಣ್ಣು ಮುಚ್ಚಿ, ಹಾಗೇ ಇದ್ದ. ಹಾಸಿಗೆಯೆಲ್ಲ ಮಣ್ಣಾಯಿತೆಂದು ನರ್ಸಮ್ಮ ರೇಗಿದಳು. ಕುಂಡ ತಂದವಳು ಗಾಬರಿಯಿಂದ ಬಟ್ಟೆ ಒದ್ದೆ ಮಾಡಿ, ಒರೆಸಲು ಅವನ ಕೈ ಹಿಡಿದಳು.

ಉಗುರುಸಂದಿಯಲ್ಲಿ ಕಪ್ಪು ಮಣ್ಣಿತ್ತು. ಅವನು ಮೆಲ್ಲಗೆ ಕೈ ಎಳೆದುಕೊಂಡ.

"ಇದೊಂದನ್ನ ತೊಳೀಬೇಡ ತಂಗಿ."