ಮುಯ್ಯಾಳು ಎಂದರೆ ನನಗೆ ಗೊತ್ತಿತ್ತು

ಗೊತ್ತಿತ್ತು. ಆ ಪದದ ಅರ್ಥ ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ, ಚಾವಡಿಯಲ್ಲಿ ಊರ ಜನರೆಲ್ಲರ ಎದುರು, ಗೊತ್ತಿಲ್ಲ ಎಂದೆ. ಅದರಿಂದ ಶಿಕಾರಿಪುರದ ಕಡೆಯ ಹಾಲಮ್ಮ ಎಂಬ ಹೆಂಗಸಿನ ಗದ್ದೆ ಕೈಬಿಟ್ಟು ಹೋಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ — ಕಟ್ಟಿಕೊಂಡ ಹೆಂಡತಿಗೂ ಹೇಳಿಲ್ಲ.

ಈಗ ಹೇಳುವುದಕ್ಕೆ ಕಾರಣವಿದೆ. ನಾನು ಪಾಠ ಮಾಡಿ ನಿವೃತ್ತನಾದ ಕಾಲೇಜಿನವರು ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಒಂದೆರಡು ಮಾತು ಹೇಳಿ ಎಂದು ಕರೆದಿದ್ದಾರೆ. ವಿಷಯ: ಅರ್ಥಶಾಸ್ತ್ರ ಓದುವವರು ಗಳಿಸಬೇಕಾದ ಕೌಶಲಗಳು. ಕರೆಯಲು ಬಂದ ತರುಣ ಮೇಷ್ಟರು ಕೆಲವನ್ನು ತಾವೇ ಸೂಚಿಸಿದರು — ಅಂಕಿ ಅಂಶ ಓದುವುದು, ರೇಖಾಚಿತ್ರ ಬಿಡಿಸುವುದು, ತರ್ಕಬದ್ಧವಾಗಿ ಯೋಚಿಸುವುದು, ಸಭೆಯಲ್ಲಿ ಅಳುಕದೆ ಮಾತಾಡುವುದು. ಕೇಳಿ ನಗು ಬಂತು. ಅಯ್ಯಾ ಮಹಾರಾಯ, ಅವೆಲ್ಲ ನನ್ನಲ್ಲಿದ್ದವು! ಮೀಸೆ ಸರಿಯಾಗಿ ಬರುವ ಮೊದಲೇ ಎಲ್ಲವನ್ನೂ ಅರೆದು ಕುಡಿದಿದ್ದೆ. ಅವನ್ನೆಲ್ಲ ಇಟ್ಟುಕೊಂಡೇ ಒಬ್ಬಳ ಹೊಟ್ಟೆಯ ಮೇಲೆ ಹೊಡೆದೆ.

ನಮ್ಮದು ಸೊರಬದ ಕಡೆಯ ಹಳ್ಳಿ. ನಾಟಿಯ ಕಾಲ ಬಂತೆಂದರೆ ಅವ್ವ ಇವತ್ತು ಒಬ್ಬರ ಗದ್ದೆಗೆ, ನಾಳೆ ಇನ್ನೊಬ್ಬರ ಗದ್ದೆಗೆ ಹೋಗುತ್ತಿದ್ದಳು. ಆಮೇಲೆ ಅವರೆಲ್ಲ ನಮ್ಮ ಗದ್ದೆಗೆ ಬರುತ್ತಿದ್ದರು. ಕೂಲಿಯ ಮಾತೇ ಇಲ್ಲ, ದುಡಿಮೆಗೆ ದುಡಿಮೆ. ಎತ್ತಿಲ್ಲದವರಿಗೆ ಎತ್ತಿದ್ದವರು ಉತ್ತು ಕೊಡುವುದು, ಅವರ ನಾಟಿಗೆ ಇವರು ಹೋಗುವುದು. ಇದಕ್ಕೆ ಮುಯ್ಯಿ ಎನ್ನುತ್ತೇವೆ; ಹಾಗೆ ಬರುವವರು ಮುಯ್ಯಾಳು. ಅವರಿಗೆಂದು ಅವ್ವ ಬೇಯಿಸಿದ ಅನ್ನದಲ್ಲೇ ಒಂದು ಪಾಲು ತಿಂದು ನಾನು ಬೆಳೆದೆ.

ಮೈಸೂರಿಗೆ ಓದಲು ಹೋದ ಹೊಸದರಲ್ಲಿ, ಕೂಲಿಯಿಲ್ಲದೆ ಯಾರಾದರೂ ಇನ್ನೊಬ್ಬರ ಹೊಲದಲ್ಲಿ ದುಡಿಯುತ್ತಾರೆಯೇ ಎಂದು ತರಗತಿಯಲ್ಲಿ ಕೇಳಿದರು. ನಾನು ಎದ್ದು ನಿಂತು ಮುಯ್ಯಾಳಿನ ವಿಷಯ ಹೇಳತೊಡಗಿದೆ. ಆ ಪದ ಬಾಯಿಂದ ಬಿದ್ದದ್ದೇ ತಡ, ತರಗತಿಗೆ ತರಗತಿಯೇ ನಕ್ಕಿತು. ಮೇಷ್ಟರೂ ನಕ್ಕರು. ನಾನು ಮಾತು ಅರ್ಧಕ್ಕೇ ಬಿಟ್ಟು ಕುಳಿತುಬಿಟ್ಟೆ. ಅಂದಿನಿಂದ ನನ್ನ ಹೆಸರೇ ಮುಯ್ಯಾಳು ಎಂದಾಯಿತು. ಊಟದ ಸಾಲಿನಲ್ಲಿ, ಬಚ್ಚಲ ಮನೆಯಲ್ಲಿ — ಎಲ್ಲೆಂದರಲ್ಲಿ ಹಾಗೆಯೇ ಕರೆಯುತ್ತಿದ್ದರು. ಆಮೇಲೆ ನಾನು ಸೊರಬದ ಮಾತನ್ನು ನಾಲಿಗೆಯಿಂದ ಉಜ್ಜಿ ಉಜ್ಜಿ ತೆಗೆದೆ. ಪುಸ್ತಕದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎನ್ನುವ ಮುಖ ಮಾಡುವುದನ್ನು ಕಲಿತೆ. ಆ ಮುಖಕ್ಕೆ ಒಳ್ಳೆಯ ದರ್ಜೆಯೂ ಸಿಕ್ಕಿತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಹಳ್ಳಿಗರ ಜೀವನೋಪಾಯ ವಿಚಾರಿಸುವ ಕೆಲಸ ಹಿಡಿದು ಶಿಕಾರಿಪುರದ ಹತ್ತಿರ ಅಂಜನಾಪುರದ ನಾಲೆಯ ಕೆಳಗಿನ ಒಂದೂರಿಗೆ ಹೋದೆ. ಅಲ್ಲಿನ ದೊಡ್ಡ ಜಮೀನುದಾರರಾದ ಬಸವಣ್ಯಪ್ಪನವರ ಮನೆಯಲ್ಲಿ ಬಿಡಾರ. ಬಂದವರಿಗೆಲ್ಲ ಅವರು 'ಇವರು ಎಕನಾಮಿಕ್ಸ್ ಓದಿದವರು' ಎಂದು ನನ್ನನ್ನು ಪರಿಚಯಿಸುವರು. ನಾನು ಅವರ ಮನೆಯ ರೊಟ್ಟಿ ತಿಂದು, ಅವರ ಮಾತಿಗೆ ಉಬ್ಬಿಕೊಂಡು ಓಡಾಡುತ್ತಿದ್ದೆ.

ಹಾಲಮ್ಮ ಬಸವಣ್ಯಪ್ಪನವರ ಗೇಣಿದಾರಳು. ಗಂಡನಿದ್ದ ಕಾಲದಿಂದ ಅವರದೊಂದು ಗದ್ದೆ ಮಾಡಿಕೊಂಡಿದ್ದಳು. ಸ್ವತಃ ಬೇಸಾಯ ಮಾಡುವವರನ್ನು ಬಿಡಿಸುವ ಹಾಗಿಲ್ಲ ಎಂಬ ಮಾತು ಆಗ ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಬಸವಣ್ಯಪ್ಪನವರಿಗೆ ಗದ್ದೆ ವಾಪಸು ಬೇಕಿತ್ತು. ಗಂಡ ಸತ್ತ ಮೇಲೆ ಈಕೆ ತಾನು ಬೇಸಾಯ ಮಾಡುತ್ತಿಲ್ಲ, ಬೇರೆಯವರಿಂದ ಉಳುಮೆ ಮಾಡಿಸುತ್ತಿದ್ದಾಳೆ ಎಂದು ಅವರು ದೂರಿದರು. ವಿಚಾರಣೆಗೆ ಕಂದಾಯ ಇಲಾಖೆಯ ಒಬ್ಬ ಸಾಹೇಬರು ಬಂದು ಚಾವಡಿಯಲ್ಲಿ ಕುಳಿತರು. ವಯಸ್ಸಿನಲ್ಲಿ ನನಗಿಂತ ತುಸು ದೊಡ್ಡವರು, ಮಾತು ಮೈಸೂರಿನದು.

ಹಾಲಮ್ಮ ಸೆರಗು ಹೊದ್ದು ನಿಂತು ಹೇಳಿದಳು: "ಕೂಲಿ ಕೊಟ್ಟು ಮಾಡ್ಸಿಲ್ರೀ. ನನ್ನ ಹತ್ರ ಎತ್ತಿಲ್ಲ. ಎತ್ತಿದ್ದೋರು ಉತ್ತು ಕೊಡ್ತಾರ, ನಾನು ಅವರ ನಾಟಿಗೆ ಹೋಗ್ತೀನಿ. ಮುಯ್ಯಾಳು ಅಂತೀವ್ರೀ."

ಸಾಹೇಬರು ಏನು, ಏನು ಎಂದು ಮತ್ತೆ ಕೇಳಿ ಸಣ್ಣಗೆ ನಕ್ಕರು. ಆ ನಗು ನನಗೆ ಗುರುತಿತ್ತು. ನಗುತ್ತಲೇ ನನ್ನ ಕಡೆ ತಿರುಗಿ, "ನೀವು ಸೊರಬದವರಂತೆ, ಅರ್ಥಶಾಸ್ತ್ರ ಬೇರೆ ಓದಿದೀರಿ. ಏನ್ರೀ ಇದು?" ಎಂದರು.

ಹಾಲಮ್ಮನೂ ನನ್ನತ್ತ ನೋಡಿದಳು. ಅವಳ ಮುಖ ಹಗುರವಾದದ್ದನ್ನು ನಾನು ಕಂಡೆ. ಸೊರಬದವನು, ತಿಳಿದವನು, ಹೇಳುತ್ತಾನೆ — ಎಂದುಕೊಂಡಿರಬೇಕು.

"ನಮ್ಮ ಕಡೆ ಇಂಥದ್ದು ನಾನು ಕೇಳಿಲ್ಲ ಸಾರ್," ಎಂದೆ. "ಉಳುವವರು ಬೇರೆ ಅಂದಮೇಲೆ ಬೇಸಾಯ ಇವರದು ಅನ್ನೋದು ಕಷ್ಟ."

ಅಳುಕದೆ ಹೇಳಿದೆ, ತರ್ಕಬದ್ಧವಾಗಿ ಹೇಳಿದೆ. ಸಾಹೇಬರು ಮೆಚ್ಚಿ ತಲೆಯಾಡಿಸಿದರು.

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಬಸವಣ್ಯಪ್ಪನವರು ಹೀಗೆ ಹೇಳು ಎಂದು ಒಂದು ಮಾತೂ ಆಡಿರಲಿಲ್ಲ. ನಾನು ಅಷ್ಟು ಸುಲಭಕ್ಕೆ ಸಿಗುತ್ತೇನೆಂದು ಅವರಿಗೂ ಗೊತ್ತಿರಲಿಲ್ಲವೇನೋ. ಹಾಲಮ್ಮನ ಗದ್ದೆ ಉತ್ತು ಕೊಟ್ಟವರು ಅಲ್ಲೇ ಗೋಡೆಗೊರಗಿ ಕುಳಿತಿದ್ದರು. ಅವರೂ ಬಸವಣ್ಯಪ್ಪನವರ ಗೇಣಿದಾರರೇ, ಅವರು ತುಟಿ ಬಿಚ್ಚಲಿಲ್ಲ. ಬೆನ್ನೆಲುಬಿಲ್ಲದ ಜನ ಎಂದು ಆಗ ಮನಸ್ಸಿನಲ್ಲೇ ಮೂಗು ಮುರಿದಿದ್ದೆ. ಅವರಿಗಾದರೂ ಭಯವಿತ್ತು. ನನಗೆ ಏನಿತ್ತು? ಒಬ್ಬ ಸಾಹೇಬ ನನ್ನನ್ನು ನೋಡಿ ನಗಬಾರದು — ಇಷ್ಟೇ. ಇಷ್ಟಕ್ಕೇ! ಥೂ, ನನ್ನ ಓದಿಗಿಷ್ಟು.

ಗದ್ದೆ ಹೋಯಿತು.

ಮರುವರ್ಷದ ನಾಟಿಯ ಹೊತ್ತಿಗೆ ಕೆಲಸದ ಮೇಲೆ ಮತ್ತೆ ಆ ಊರಿಗೆ ಹೋದೆ. ಅದೇ ಗದ್ದೆಯಲ್ಲಿ ಬಸವಣ್ಯಪ್ಪನವರ ಕೂಲಿಯವರು ಸಸಿ ನೆಡುತ್ತಿದ್ದರು. ಸಾಲಿನಲ್ಲಿ ಹಾಲಮ್ಮನಿದ್ದಳು. ಬದುವಿನ ಮೇಲೆ ನಾನು ಬಂದದ್ದನ್ನು ಕಂಡು, ಸಸಿಯ ಕಟ್ಟು ಕೈಯಲ್ಲಿ ಹಿಡಿದೇ ಸೊಂಟ ನೆಟ್ಟಗೆ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮವ್ವಾರು ನಾಟಿಗೆ ಹೋಗ್ತಾರೇನ್ರೀ?" ಎಂದು ಕೇಳಿದಳು. ಮನೆಯ ಕ್ಷೇಮ ವಿಚಾರಿಸುವ ದನಿ.

"ಇಲ್ಲ," ಎಂದೆ.

ಆ ಹೊತ್ತಿನಲ್ಲಿ ಸೊರಬದ ಯಾರದೋ ಗದ್ದೆಯಲ್ಲಿ ನನ್ನ ಅವ್ವ ಮುಯ್ಯಾಳಾಗಿ ಬಗ್ಗಿ ನಿಂತಿದ್ದಳು. ಹಾಲಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹೂಂ ಎಂದು ತಲೆಯಾಡಿಸಿ ಸಾಲಿಗೆ ಬಗ್ಗಿದಳು.

ಅವಳನ್ನು ಮತ್ತೆ ನೋಡಲಿಲ್ಲ. ನೋಡಲಾಗಲಿಲ್ಲ ಎಂದು ಬರೆಯಹೊರಟಿದ್ದೆ — ಅದೂ ಸುಳ್ಳು. ಊರಿಗೆ ಹೋಗುವಾಗಲೆಲ್ಲ ಬಸ್ಸು ಶಿಕಾರಿಪುರದಲ್ಲಿ ನಿಲ್ಲುತ್ತಿತ್ತು. ಇಳಿದು ಅವಳ ಊರಿನ ದಾರಿ ಹಿಡಿಯಬಹುದಿತ್ತು. ನಾನು ಇಳಿದು ಚಹಾ ಕುಡಿದು ಮತ್ತೆ ಬಸ್ಸು ಹತ್ತುತ್ತಿದ್ದೆ. ಅವಳು ತೀರಿಕೊಂಡ ಸುದ್ದಿಯೂ ಅಲ್ಲೇ ಕಿವಿಗೆ ಬಿತ್ತು. ಅವತ್ತೂ ಚಹಾ ಕುಡಿದೇ ಹತ್ತಿದೆ. ಆ ವಿಚಾರಣೆಯ ಕೆಲಸ ಬಿಟ್ಟ ಮೇಲೆ ಬದುಕೆಲ್ಲ ತರಗತಿಗಳಲ್ಲಿ ಕೂಲಿ, ಗೇಣಿ ಎಂದು ಪಾಠ ಮಾಡಿದೆ. ಯಾವ ತರಗತಿಯಲ್ಲೂ ಆ ಪದ ನನ್ನ ಬಾಯಿಗೆ ಬರಲಿಲ್ಲ.

ಮೇಷ್ಟರೇ, ರೇಖಾಚಿತ್ರವನ್ನು ನೀವೇ ಹೇಳಿಕೊಡಿ, ಅದು ಯಾರಿಗಾದರೂ ಬರುತ್ತದೆ. ನಾಳೆ ನಾನು ಎದ್ದು ನಿಂತು, ಅಂದು ಚಾವಡಿಯಲ್ಲಿ ಹೇಳಬೇಕಾಗಿದ್ದ ಮಾತನ್ನೇ ಹೇಳುತ್ತೇನೆ. ನಮ್ಮ ಕಡೆಯೂ ಇದೆ. ಮುಯ್ಯಾಳು ಎನ್ನುತ್ತೇವೆ. ನನ್ನ ಅವ್ವನೂ ಹೋಗುತ್ತಿದ್ದಳು. ಹಾಲಮ್ಮ ತನ್ನ ಗದ್ದೆಯ ಬೇಸಾಯವನ್ನು ತಾನೇ ಮಾಡುತ್ತಿದ್ದಳು.

ಇದರಿಂದ ಹೋದ ಗದ್ದೆ ಬರುವುದಿಲ್ಲ. ಆ ಪದ ಕೇಳಿ ಹುಡುಗರು ನಗಬಹುದು, ನಗಲಿ. ಈ ಸಲ ನಾನು ಕುಳಿತುಕೊಳ್ಳುವುದಿಲ್ಲ.